777 ಕೊಟ್ರೂ ಲಾಗ್ ಯಾಕೆ ತಿರುಗಲ್ಲ? ಒಂದು ಎರರ್ ಮೆಸೇಜಿನ ಇತಿಹಾಸ

ಹೈದರಾಬಾದಿನಿಂದ ಮಾತಾಡ್ತಿದ್ದೀನಿ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಮೆಟ್ರೊದಲ್ಲಿ ನಿಂತ್ಕೊಂಡೇ ಓದ್ತೀವಿ ಅನ್ನೋರಿಗಾಗಿ ಈ ಬರಹ. ವಿಡಿಯೊದಲ್ಲಿ ಆಡಿದ ಮಾತನ್ನೇ ಸ್ವಲ್ಪ ತಿದ್ದಿ ಬರೆದಿದ್ದೀನಿ. ಕಮಾಂಡುಗಳನ್ನು ಬಾಯಲ್ಲಿ ಹೇಳಿದ ಹಾಗೇ ಇಟ್ಟಿದ್ದೀನಿ, ಟೈಪ್ ಮಾಡಿದ್ದನ್ನು ವಿಡಿಯೊದಲ್ಲಿ ನೋಡಿಕೊಳ್ಳಿ.

ಇವತ್ತಿನ ವಿಷಯ ಒಂದೇ ಒಂದು ಎರರ್ ಮೆಸೇಜ್. ಲಿನಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ಇದರ ಮುಖಪರಿಚಯ ಇದ್ದೇ ಇರುತ್ತೆ. ಲಾಗ್‌ರೊಟೇಟ್ ಓಡುತ್ತೆ, ಒಂದು ಲಾಗ್ ಫೈಲಿನ ಹತ್ತಿರ ಬಂದು ನಿಂತುಬಿಡುತ್ತೆ. ಅದು ಹೇಳೋದರ ಅರ್ಥ ಇಷ್ಟು: ಈ ಫೈಲ್ ಇರುವ ಡೈರೆಕ್ಟರಿಯ ಪರ್ಮಿಶನ್ ಸುರಕ್ಷಿತವಾಗಿಲ್ಲ. ಇಲ್ಲಿ ಎಲ್ಲರೂ ಬರೆಯಬಹುದು, ಅಥವಾ ರೂಟ್ ಅಲ್ಲದ ಯಾವುದೋ ಗ್ರೂಪ್ ಬರೆಯಬಹುದು. ಹಾಗಾಗಿ ಇದನ್ನು ಬಿಟ್ಟು ಮುಂದೆ ಹೋಗ್ತೀನಿ. ಯಾವ ಯೂಸರ್ ಆಗಿ ತಿರುಗಿಸಬೇಕು ಅಂತ ಎಸ್‌ಯು ಅನ್ನುವ ಸಾಲಿನಲ್ಲಿ ಹೇಳು.

ಹೊಸಬರಿಗೆ ಇದು ವಿಚಿತ್ರ ಅನ್ನಿಸುತ್ತೆ. ಲಾಗ್‌ರೊಟೇಟ್ ಓಡ್ತಿರೋದು ರೂಟ್ ಆಗಿ. ರೂಟ್‌ಗೆ ಇಲ್ಲದ ಅಧಿಕಾರ ಇಲ್ಲ. ಡೈರೆಕ್ಟರಿಗೆ ಬೇರೆ ಯಾರೋ 777 ಕೊಟ್ಟಿದ್ದಾರೆ. ಬಾಗಿಲು ಹಾರುಹೊಡೆದಿದೆ, ಬಂದವನು ಮನೆಯ ಯಜಮಾನ, ಆದ್ರೂ ಒಳಗೆ ಕಾಲಿಡಲ್ಲ ಅಂತಾನೆ! ಯಾಕೆ ಅನ್ನೋದಕ್ಕೆ ಮ್ಯಾನ್ ಪೇಜಿನಲ್ಲಿ ಎರಡು ಸಾಲು ಸಿಗುತ್ತೆ. ಪೂರ್ತಿ ಉತ್ತರ ಇರೋದು ಇತಿಹಾಸದಲ್ಲಿ. ಅದರಲ್ಲಿ ಒಂದು ತುಣುಕು ನಾವಿರುವ ಈ ಊರಿನದೇ.

ಕಡತದಿಂದ ಲಾಗ್‌ವರೆಗೆ

ಮೊದಲು ನಮ್ಮದೇ ಒಂದು ಪದ. ಫೈಲ್‌ಗೆ ಕನ್ನಡದಲ್ಲಿ ಕಡತ ಅಂತೀವಲ್ಲ, ಅದು ಮೊದಲು ಕಾಗದದ ಕಟ್ಟು ಆಗಿರಲಿಲ್ಲ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಕಪ್ಪಗೆ ಮಾಡಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ ಅದು. ಶಾನುಭೋಗರು, ವರ್ತಕರು ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೀತಿದ್ರು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸಕಾರರಿಗೆ ಆಧಾರ. ಕಡತದ ಗುಣ ಏನು ಅಂದ್ರೆ, ಹಳೇ ಲೆಕ್ಕ ಬೇಡ ಅನ್ನಿಸಿದರೆ ಒರೆಸಿ, ಅದೇ ಬಟ್ಟೆಯ ಮೇಲೆ ಮತ್ತೆ ಬರೆಯಬಹುದು. ಅಂದ್ರೆ ಬರೆಯೋನೇ ಒರೆಸೋನೂ ಹೌದು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಲಾಗ್ ಅನ್ನೋ ಪದ ಹಡಗಿನಿಂದ ಬಂದಿದ್ದು. ವೇಗ ಅಳೆಯೋಕೆ ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆ ಬಿಡ್ತಿದ್ರು. ಆ ತುಂಡೇ ಲಾಗ್. ಅಳತೆ ಬರೆದಿಡುವ ಪುಸ್ತಕ ಲಾಗ್‌ಬುಕ್ ಆಯ್ತು. ಕಂಪ್ಯೂಟರಿಗೆ ಬಂದರೆ, 1980ರ ದಶಕದ ಮೊದಲ ವರ್ಷಗಳಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ತಮ್ಮ ಸೆಂಡ್‌ಮೇಲ್ ತಂತ್ರಾಂಶದ ಜತೆಗೆ ಸಿಸ್‌ಲಾಗ್ ಬರೆದರು. ಅದಾದ ಮೇಲೆ ಒಂದು ಮೆಷಿನ್ನಿನಲ್ಲಿ ಯಾವ ಪ್ರೋಗ್ರಾಮ್ ಏನೇ ಹೇಳಲಿ, ಒಂದು ಕಡೆ ಸಾಲಾಗಿ ಬರೆದಿಡೋ ವ್ಯವಸ್ಥೆ ಬಂತು. ಬರೆಯೋದು ಸುಲಭ ಆಯ್ತು. ಸಮಸ್ಯೆ ಶುರುವಾಗಿದ್ದೂ ಅಲ್ಲೇ, ಯಾಕಂದ್ರೆ ಬರೆದದ್ದು ಬೆಳೀತಾನೇ ಹೋಗುತ್ತೆ, ಡಿಸ್ಕ್ ಬೆಳೆಯಲ್ಲ.

ಆಗೆಲ್ಲ ಎಲ್ಲರೂ ತಮ್ಮ ತಮ್ಮ ಶೆಲ್ ಸ್ಕ್ರಿಪ್ಟ್ ಬರ್ಕೊಳ್ತಿದ್ರು. ಎರಡನೇ ಫೈಲನ್ನು ಮೂರನೇದು ಮಾಡು, ಒಂದನೇದನ್ನು ಎರಡನೇದು ಮಾಡು, ಹೊಸದು ತೆರೆ, ಅಷ್ಟೇ. ಎಂಐಟಿಯ ಪ್ರಾಜೆಕ್ಟ್ ಅಥೀನಾದಲ್ಲಿ 1987ರ ಹೊತ್ತಿಗೆ ಥಿಯೊಡೋರ್ ತ್ಸೊ ಇದಕ್ಕೇ ನ್ಯೂಸಿಸ್‌ಲಾಗ್ ಅನ್ನೋ ಪ್ರೋಗ್ರಾಮ್ ಬರೆದರು. ಮುಂದೆ ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ ನೋಡಿಕೊಂಡವರೂ ಅವರೇ. ನಾವು ದಿನಾ ಬಳಸೋ ಲಾಗ್‌ರೊಟೇಟ್ ಹುಟ್ಟಿದ್ದು 1990ರ ದಶಕದ ನಡುವೆ ರೆಡ್ ಹ್ಯಾಟ್‌ನಲ್ಲಿ. ಬರೆದವರು ಎರಿಕ್ ಟ್ರೋನ್ ಮತ್ತು ಪ್ರೆಸ್ಟನ್ ಬ್ರೌನ್. 1998ರಲ್ಲಿ ಇಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆ ಆಗೋ ಹೊತ್ತಿಗೆ ಅದು ಆಗಲೇ ಬಳಕೆಯಲ್ಲಿತ್ತು.

ಹೆಸರು ಒಂದು ಕಡೆ, ಫೈಲ್ ಇನ್ನೊಂದು ಕಡೆ

ಇಲ್ಲಿ ಒಂದು ನಿಮಿಷ ನಿಲ್ಲಬೇಕು, ಇದು ಅರ್ಥ ಆದರೆ ಅರ್ಧ ಎರರ್ ಬಗೆಹರಿದ ಹಾಗೆ. ಯುನಿಕ್ಸ್‌ನಲ್ಲಿ ಫೈಲಿನ ಹೆಸರು ಫೈಲಿನೊಳಗೆ ಇರಲ್ಲ, ಡೈರೆಕ್ಟರಿಯಲ್ಲಿ ಇರುತ್ತೆ. ಫೈಲ್ ಅಂದ್ರೆ ಒಂದು ನಂಬರಿನ ಇನೋಡ್. ಡೈರೆಕ್ಟರಿ ಅಂದ್ರೆ ಯಾವ ಹೆಸರಿಗೆ ಯಾವ ನಂಬರು ಅನ್ನೋ ಪಟ್ಟಿ. ಹಾಗಾಗಿ ಫೈಲಿಗೆ ಹೊಸ ಹೆಸರು ಕೊಡೋಕೆ, ಅಳಿಸೋಕೆ, ಹೊಸದು ಹುಟ್ಟಿಸೋಕೆ ಬೇಕಾಗಿರೋದು ಡೈರೆಕ್ಟರಿಯ ಮೇಲೆ ಬರೆಯುವ ಹಕ್ಕು. ಫೈಲಿನ ಮೇಲೆ ಹಕ್ಕು ಇದ್ಯೋ ಇಲ್ವೋ ಅನ್ನೋದು ಈ ಕೆಲಸಕ್ಕೆ ಲೆಕ್ಕಕ್ಕೇ ಬರಲ್ಲ.

ಲಾಗ್ ತಿರುಗಿಸೋದು ಅಂದ್ರೆ ಹೆಸರು ಬದಲಿಸೋದು. ಹಾಗಾದ್ರೆ ಲಾಗ್ ತಿರುಗಿಸೋ ಅಧಿಕಾರ ಯಾರಿಗಿದೆ? ಡೈರೆಕ್ಟರಿಯಲ್ಲಿ ಬರೆಯಬಲ್ಲ ಎಲ್ಲರಿಗೂ. 777 ಕೊಟ್ಟ ಡೈರೆಕ್ಟರಿಯಲ್ಲಿ ಯಾರು ಬೇಕಾದರೂ ನಿಮ್ಮ ಲಾಗ್ ಎತ್ತಿಟ್ಟು ಅದೇ ಹೆಸರಲ್ಲಿ ಇನ್ನೇನನ್ನೋ ಇಡಬಹುದು. ಆ ಇನ್ನೇನೋ ಒಂದು ಸಿಮ್‌ಲಿಂಕ್ ಆಗಿ, ಅದು ಸ್ಲ್ಯಾಶ್ ಇಟಿಸಿ ಒಳಗಿನ ಯಾವುದೋ ಫೈಲಿಗೆ ಕೈ ತೋರಿಸ್ತಾ ಇರಬಹುದು. ಆ ಹೊತ್ತಿಗೆ ಸರಿಯಾಗಿ ರೂಟ್ ಬಂದು, ಇದು ಲಾಗ್ ಅಂತಲೇ ನಂಬಿ, ಒಡೆತನ ಬದಲಿಸಿದರೆ? ಕೆಲಸ ಮಾಡಿದ್ದು ರೂಟ್, ಮಾಡಿಸಿದ್ದು ಇನ್ಯಾರೋ.

ಇದಕ್ಕೆ ಕಂಪ್ಯೂಟರ್ ವಿಜ್ಞಾನದಲ್ಲಿ ಒಂದು ಹೆಸರೇ ಇದೆ. ನಾರ್ಮ್ ಹಾರ್ಡಿ 1988ರಲ್ಲಿ ಬರೆದ ಪುಟ್ಟ ಲೇಖನದಿಂದ ಬಂದದ್ದು. ನಮ್ಮ ಮಾತಲ್ಲಿ ಹೇಳಬೇಕು ಅಂದ್ರೆ 'ಯಾಮಾರಿದ ಕಾರಭಾರಿ'. ಯಜಮಾನನ ಮೊಹರು ಕೈಯಲ್ಲಿರುವ ಕಾರಭಾರಿ ಕೆಟ್ಟವನಲ್ಲ, ಆದರೆ ಯಾರೋ ಮುಂದಿಟ್ಟ ಕಾಗದಕ್ಕೆ ಮೊಹರು ಒತ್ತಿಬಿಡ್ತಾನೆ.

ಹೈದರಾಬಾದಿನ ಎರಡು ದಫ್ತರ

ಮೊಹರು, ಕಾಗದ ಅಂದ ಕೂಡಲೇ ಈ ಊರಿನ ಮಾತು ಬರಲೇಬೇಕು. ನಾವೆಲ್ಲ ಗಚ್ಚಿಬೌಲಿ, ಕೊಂಡಾಪುರದಿಂದ ಆಚೆ ಹೋಗೋದು ಕಡಿಮೆ. ಹೋದರೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋಗ್ತೀವಿ. ಅಲ್ಲಿಂದ ಹೆಚ್ಚು ದೂರವಿಲ್ಲ ತಾರ್ನಾಕ. ಅಲ್ಲಿನ ರಾಜ್ಯ ಪತ್ರಾಗಾರದಲ್ಲಿ ಷಹಜಹಾನ್, ಔರಂಗಜೇಬರ ಕಾಲದ ದಖನ್ನಿನ ಕಾಗದಗಳಿಂದ ಹಿಡಿದು ನಿಜಾಮರ ಆಡಳಿತದ ದಾಖಲೆಗಳವರೆಗೆ ಇವೆ. ಬೀದರ್, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಂದ್ರೆ ನಮ್ಮ ಕಲ್ಯಾಣ ಕರ್ನಾಟಕದ ಹಳೇ 'ಲಾಗ್' ಇದ್ದದ್ದು ಈ ಊರಿನ ದಫ್ತರಗಳಲ್ಲಿ.

ನಿಜಾಮರ ಆಡಳಿತದಲ್ಲಿ ಕಂದಾಯದ ದಾಖಲೆ ಎರಡು ದಫ್ತರಗಳಲ್ಲಿ ಹಂಚಿಹೋಗಿತ್ತು. ಒಂದು ದಫ್ತರ್-ಎ-ದಿವಾನಿ, ಇನ್ನೊಂದು ದಫ್ತರ್-ಎ-ಮಾಲ್. ಮೊದಲನೇದು ರಾಯ್ ರಾಯಾನ್ ಅನ್ನೋ ಬಿರುದಿನ ಮರಾಠಿ ಬ್ರಾಹ್ಮಣ ಮನೆತನದ ಕೈಯಲ್ಲಿ, ಎರಡನೇದು ಒಂದು ಕಾಯಸ್ಥ ಮನೆತನದ ಕೈಯಲ್ಲಿ. ಮಾಲ್ ದಫ್ತರ ನೋಡಿಕೊಂಡಿದ್ದರಿಂದಲೇ ಆ ಮನೆತನಕ್ಕೆ ಮಾಲ್ವಾಲಾ ಅನ್ನೋ ಹೆಸರು. ಕರೆನ್ ಲಿಯೊನಾರ್ಡ್ ಅನ್ನೋ ಅಮೆರಿಕದ ಇತಿಹಾಸಕಾರ್ತಿ ಹೈದರಾಬಾದಿನ ಕಾಯಸ್ಥರ ಬಗ್ಗೆ 1978ರಲ್ಲಿ ತಂದ ಪುಸ್ತಕದಲ್ಲಿ ಈ ದಫ್ತರದಾರರ ಕಥೆ ವಿವರವಾಗಿ ಇದೆ.

ಈ ಹುದ್ದೆ ವಂಶಪಾರಂಪರ್ಯ. ಲೆಕ್ಕ ಬರೆಯೋರೂ ಅವರೇ, ಬರೆದದ್ದನ್ನು ಕಾಯೋರೂ ಅವರೇ. ಯಾವ ಜಾಗೀರಿಗೆ ಎಷ್ಟು ಹುಟ್ಟುವಳಿ, ಯಾರಿಗೆ ಯಾವ ಸನದು ಅನ್ನೋದಕ್ಕೆ ರಾಜ್ಯವೇ ಅವರ ದಫ್ತರದ ಮಾತನ್ನು ನೆಚ್ಚಿಕೊಂಡಿರಬೇಕಿತ್ತು. ಅವರು ಮೋಸಗಾರರು ಅಂತ ನಾನು ಹೇಳ್ತಿಲ್ಲ. ವ್ಯವಸ್ಥೆ ಹಾಗಿತ್ತು. ಬರೆಯೋ ಕೈ, ಎತ್ತಿಡೋ ಕೈ ಎರಡೂ ಒಂದೇ ಆದಾಗ ಮೂರನೆಯವರು ಪರೀಕ್ಷೆ ಮಾಡೋಕೆ ದಾರಿ ಕಮ್ಮಿ.

1853ರಲ್ಲಿ, ಇನ್ನೂ 24ರ ವಯಸ್ಸಿನಲ್ಲಿ, ಒಂದನೇ ಸಾಲಾರ್ ಜಂಗ್ ದಿವಾನರಾದರು. 1883ರಲ್ಲಿ ತೀರಿಕೊಳ್ಳುವವರೆಗೂ ಅವರೇ ದಿವಾನರು. ಸಾಲಾರ್ ಜಂಗ್ ಮ್ಯೂಸಿಯಂ ಅಂದ್ರೆ ನಮಗೆ ಗಡಿಯಾರ ನೆನಪಾಗುತ್ತೆ, ಆದರೆ ಅದು ಮೊಮ್ಮಗನ ಸಂಗ್ರಹ. ಅಜ್ಜನ ಕೆಲಸ ಆಡಳಿತ. ಅವರು ದಫ್ತರದಾರರ ಬಿರುದು, ಮರ್ಯಾದೆ ಯಾವುದಕ್ಕೂ ಕೈ ಹಾಕಲಿಲ್ಲ. ಪಕ್ಕದಲ್ಲೇ ಹೊಸ ಕಚೇರಿಗಳನ್ನು ಕಟ್ಟಿದರು, ಸಂಬಳದ ನೌಕರರನ್ನು ತಂದರು. 1865ರ ಜಿಲ್ಲಾಬಂದಿಯಲ್ಲಿ ರಾಜ್ಯವನ್ನು ಜಿಲ್ಲೆಗಳಾಗಿ ಹಂಚಿ, ಒಬ್ಬೊಬ್ಬ ಅಧಿಕಾರಿಗೆ ಇಷ್ಟು ಜಾಗ, ಇಷ್ಟು ಕೆಲಸ ಅಂತ ಗೆರೆ ಎಳೆದರು. ಎಲ್ಲಾ ಅಧಿಕಾರವೂ ಇರುವವರು ಒಬ್ಬರು, ಯಾರೂ ಕೇಳದ ಕೋಣೆ ಇನ್ನೊಂದು, ಅನ್ನೋ ಹಳೇ ಪದ್ಧತಿ ಹಂತ ಹಂತವಾಗಿ ಹಿಂದೆ ಸರೀತು.

ಲಾಗ್‌ರೊಟೇಟ್‌ನಲ್ಲಿ ಎಸ್‌ಯು ಸಾಲು ಮಾಡೋದೂ ಅದೇ ಜಾತಿಯ ಕೆಲಸ. ಈ ಕೋಣೆಗೆ ಹೋಗುವಾಗ ದಿವಾನನ ಮೊಹರು ಹೊರಗಿಟ್ಟು, ಆ ಕೋಣೆಯ ನೌಕರನಾಗಿ ಹೋಗು ಅಂತ ಹೇಳುತ್ತೆ. ಅಲ್ಲಿ ಯಾರಾದರೂ ಯಾಮಾರಿಸಿದರೂ ಹಾಳಾಗೋದು ಆ ಕೋಣೆಯಷ್ಟೇ.

2011: ರೂಟ್ ಹೆದರೋದು ಕಲಿತ ವರ್ಷ

ಮೊದಲಿಂದಲೂ ಲಾಗ್‌ರೊಟೇಟ್ ಹೀಗೆ ಹುಷಾರಾಗಿರಲಿಲ್ಲ. ಹದಿನೈದು ವರ್ಷ ಹತ್ತಿರ ಹತ್ತಿರ ಅದು ಯಾವ ಡೈರೆಕ್ಟರಿಗಾದರೂ ರೂಟ್ ಆಗಿಯೇ ನುಗ್ತಿತ್ತು. 2011ರಲ್ಲಿ ಅದರ ಮೇಲೆ ಒಂದರ ಹಿಂದೆ ಒಂದು ಭದ್ರತಾ ದೋಷಗಳು ದಾಖಲಾದವು. ಒಂದರಲ್ಲಿ, ಹೊಸ ಫೈಲ್ ಹುಟ್ಟಿದ ಕ್ಷಣಕ್ಕೂ ಅದಕ್ಕೆ ಸರಿಯಾದ ಪರ್ಮಿಶನ್ ಬೀಳೋ ಕ್ಷಣಕ್ಕೂ ನಡುವಿನ ಸಂದಿಯಲ್ಲಿ ಬೇರೆಯವರು ಅದನ್ನು ತೆರೆದುಬಿಡಬಹುದಿತ್ತು. ಇನ್ನೊಂದರಲ್ಲಿ, ಫೈಲಿನ ಹೆಸರಲ್ಲೇ ಶೆಲ್ ಕಮಾಂಡ್ ಅಡಗಿಸಿಡಬಹುದಿತ್ತು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಡೆಬಿಯನ್‌ಗೆ ಸಂಬಂಧಪಟ್ಟದ್ದು. ರೂಟ್ ಅಲ್ಲದ ಯೂಸರ್‌ಗಳು ಬರೆಯಬಹುದಾದ ಡೈರೆಕ್ಟರಿಗಳಲ್ಲಿ ರೂಟ್ ಆಗಿ ಲಾಗ್ ತಿರುಗಿಸೋದರಿಂದ ಲಿಂಕ್‌ಗಳ ಮೂಲಕ ದಾಳಿ ಮಾಡಬಹುದು ಅಂತ ತೋರಿಸಿದ್ರು. ಉದಾಹರಣೆಗೆ ಕೊಟ್ಟದ್ದು ಪೋಸ್ಟ್‌ಗ್ರೆಸ್‌ನ ಲಾಗ್ ಡೈರೆಕ್ಟರಿ.

ಅದೇ ವರ್ಷ ಬಂದ 3.8.0 ಆವೃತ್ತಿಯಲ್ಲಿ ಎಸ್‌ಯು ಸಾಲು ಸೇರ್ತು, ಜತೆಗೆ ನಮ್ಮ ಈ ಎರರ್ ಮೆಸೇಜ್. ಆವತ್ತಿನವರೆಗೆ ಸುಮ್ಮನೆ ನಡೀತಿದ್ದ ಎಷ್ಟೋ ಸರ್ವರುಗಳಲ್ಲಿ ಅಪ್‌ಗ್ರೇಡ್ ಆದ ರಾತ್ರಿಯಿಂದ ಲಾಗ್ ತಿರುಗೋದು ನಿಂತಿತು. ಜನ ಬಯ್ಕೊಂಡ್ರು. ಆದರೆ ಹೊಸದಾಗಿ ಕೆಟ್ಟದ್ದು ಏನೂ ಇರಲಿಲ್ಲ. ಮೊದಲೇ ಕೆಟ್ಟಿದ್ದು ಕಣ್ಣಿಗೆ ಕಂಡಿತು, ಅಷ್ಟೇ.

ಇಷ್ಟಕ್ಕೆ ಮುಗೀಲಿಲ್ಲ. ಆ ಎರರ್ ನೋಡೋದು ಗ್ರೂಪ್ ಮತ್ತು ಉಳಿದವರ ಹಕ್ಕನ್ನು. ಡೈರೆಕ್ಟರಿಯ ಒಡೆಯನೇ ಸರ್ವಿಸ್ ಯೂಸರ್ ಆಗಿದ್ದರೆ ಅದು ಬಾಯಿ ಬಿಡಲ್ಲ. 2016ರಲ್ಲಿ ಡಾವಿಡ್ ಗೊಲುನ್‌ಸ್ಕಿ ಡೆಬಿಯನ್ನಿನ ಎಂಜಿನ್‌ಎಕ್ಸ್ ಪ್ಯಾಕೇಜಿನಲ್ಲಿ ತೋರಿಸಿದ್ದು ಇದೇ ನೆರೆಹೊರೆಯ ದೋಷ. ಲಾಗ್ ಡೈರೆಕ್ಟರಿಯ ಒಡೆತನ ವೆಬ್ ಸರ್ವರಿನ ಯೂಸರ್ ಹತ್ತಿರ ಇತ್ತು. ಆ ಯೂಸರ್ ಆಗಿ ಒಳಗೆ ಬಂದವನು ಎರರ್ ಲಾಗ್ ಜಾಗದಲ್ಲಿ ಸಿಮ್‌ಲಿಂಕ್ ಇಟ್ಟು ಕಾಯಬೇಕಿತ್ತು, ಅಷ್ಟೇ. ಡೆಬಿಯನ್‌ನಲ್ಲಿ ದಿನದ ಕ್ರಾನ್ ಬೆಳಗ್ಗೆ 6:25ಕ್ಕೆ. ಲಾಗ್‌ರೊಟೇಟ್ ಓಡುತ್ತೆ, ಲಾಗ್ ಮತ್ತೆ ತೆರೆ ಅಂತ ಎಂಜಿನ್‌ಎಕ್ಸ್‌ಗೆ ಸಿಗ್ನಲ್ ಹೋಗುತ್ತೆ, ರೂಟ್ ಆಗಿರುವ ಮುಖ್ಯ ಪ್ರೋಸೆಸ್ ಆ ಲಿಂಕ್ ಹಿಡಿದು ಹೋಗಿ ಫೈಲ್ ಹುಟ್ಟಿಸುತ್ತೆ. ಮೆಷಿನ್ ಕೈ ತಪ್ಪಿತು. ಡೈರೆಕ್ಟರಿಯ ಒಡೆತನವನ್ನು ರೂಟ್‌ಗೆ ಕೊಟ್ಟು ಡೆಬಿಯನ್ ಅದನ್ನು ಸರಿ ಮಾಡಿತು. ಹಾಗಾಗಿ ಎರರ್ ಬರಲಿಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂತ ಅಂದ್ಕೋಬೇಡಿ.

777ರ ಬೆಲೆ

ಈ ಇತಿಹಾಸ ಗೊತ್ತಿಲ್ಲದಿದ್ರೆ ಏನಾಗುತ್ತೆ? ನಾನು ಹತ್ತಿರದಿಂದ ನೋಡಿದ್ದೊಂದು ಹೇಳ್ತೀನಿ. ಕಂಪನಿಯ ಹೆಸರು ಬೇಡ. ರಾಯಚೂರು ಕಡೆಯ ನನ್ನ ಗೆಳೆಯನೊಬ್ಬ ಅಲ್ಲಿಗೆ ಆನ್‌ಕಾಲ್ ಕೆಲಸಕ್ಕೆ ಸೇರಿ ಎರಡು ವಾರ ಆಗಿತ್ತು. ಅವನಿಗಿಂತ ಮೊದಲು ಇದ್ದವರು ಯಾರೋ ಅಪ್ಲಿಕೇಶನ್ 'ಪರ್ಮಿಶನ್ ಡಿನೈಡ್' ಅಂತು ಅಂತ ಲಾಗ್ ಡೈರೆಕ್ಟರಿಗೆ 777 ಕೊಟ್ಟು ಹೋಗಿದ್ರು. ಅಪ್ಲಿಕೇಶನ್ ಸುಮ್ಮನಾಯ್ತು, ಲಾಗ್‌ರೊಟೇಟ್ ಮುನಿಸಿಕೊಂಡಿತು. ದಿನಾ ರಾತ್ರಿ ಅದು ಎರರ್ ಬರೆಯುತ್ತಲೇ ಇತ್ತು, ರೂಟ್‌ನ ಮೇಲ್‌ಬಾಕ್ಸಿಗೆ. ಅದನ್ನು ತೆರೆದು ನೋಡೋರು ಯಾರು?

ಒಂದು ಶನಿವಾರ ರಾತ್ರಿ ಡಿಸ್ಕ್ ನೂರಕ್ಕೆ ನೂರು ತುಂಬಿತು, ಡೇಟಾಬೇಸ್ ನಿಂತಿತು. ಕಾಲ್‌ನಲ್ಲಿ ಇದ್ದ ಮೇಲಿನವರೊಬ್ಬರು ಆ ದೊಡ್ಡ ಲಾಗನ್ನು ಖಾಲಿ ಮಾಡಿಬಿಡು ಅಂದ್ರು. ಮಾಡಿದ. ಸರ್ವಿಸ್ ಎದ್ದಿತು, ಎಲ್ಲರೂ ಮಲಗಿದರು. ಹತ್ತು ದಿನ ಆದ ಮೇಲೆ ಬೇರೆ ಪ್ರಶ್ನೆ ಬಂತು: ಹೋದ ತಿಂಗಳು ಈ ಸರ್ವರಿಗೆ ಹೊರಗಿನವರು ಯಾರಾದರೂ ಬಂದಿದ್ರಾ? ಉತ್ತರ ಇದ್ದದ್ದು ಆ ಖಾಲಿ ಮಾಡಿದ ಲಾಗಿನಲ್ಲಿ. ಕಡತ ಒರೆಸಿ ಆಗಿತ್ತು. ಒರೆಸಿದ ಕೈ ಯಾರದು ಅನ್ನೋದು ಮಾತ್ರ ಟಿಕೆಟ್‌ನಲ್ಲಿ ಉಳೀತು, ನನ್ನ ಗೆಳೆಯನ ಹೆಸರಲ್ಲಿ. 777 ಕೊಟ್ಟವರ ಹೆಸರು ಎಲ್ಲೂ ಇರಲಿಲ್ಲ.

ಇವತ್ತು ಇದು ಬರೀ ಕಂಪನಿಯ ಒಳಗಿನ ಮಾತಲ್ಲ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಕಂಪನಿಗಳು, ಡೇಟಾ ಸೆಂಟರುಗಳು, ಸರ್ಕಾರಿ ಸಂಸ್ಥೆಗಳು ತಮ್ಮ ಸಿಸ್ಟಮ್‌ಗಳ ಲಾಗನ್ನು 180 ದಿನ ಭದ್ರವಾಗಿ ಇಡಬೇಕು. ಭದ್ರತಾ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಕೊಡಬೇಕು. ಲಾಗ್‌ರೊಟೇಟ್‌ನ ಮಾಮೂಲಿ ಕಾನ್ಫಿಗ್ ಏನು ಹೇಳುತ್ತೆ? ವಾರಕ್ಕೊಮ್ಮೆ ತಿರುಗಿಸು, 4 ಇಟ್ಕೋ. ಅಂದ್ರೆ 28 ದಿನ. ತಿರುಗದಿದ್ರೆ ಡಿಸ್ಕ್ ತುಂಬುತ್ತೆ, ಮಾಮೂಲಿಯಾಗಿ ತಿರುಗಿದ್ರೆ 180 ದಿನ ಸಿಗಲ್ಲ. ಎರಡೂ ಕಡೆ ನೋಡಬೇಕು.

ಸರಿ ಮಾಡೋದು ಹೇಗೆ

ಈಗ ಕೈಕೆಲಸ. ಮೊದಲು ಯಾವುದನ್ನೂ ಮುಟ್ಟದೆ ನೋಡಿ. ಲಾಗ್‌ರೊಟೇಟ್ ಮೈನಸ್ ಡಿ, ಆಮೇಲೆ ಕಾನ್ಫಿಗ್ ಫೈಲಿನ ದಾರಿ. ಇದು ಏನು ಮಾಡ್ತೀನಿ ಅಂತ ಹೇಳುತ್ತೆ, ಮಾಡಲ್ಲ. ಸಿಸ್ಟಮ್‌ಡಿ ಇದ್ದರೆ ಜರ್ನಲ್‌ಸಿಟಿಎಲ್ ಮೈನಸ್ ಯು ಲಾಗ್‌ರೊಟೇಟ್ ಅಂದ್ರೆ ಹಿಂದಿನ ರಾತ್ರಿಗಳ ಗೋಳೂ ಸಿಗುತ್ತೆ. ಅಲ್ಲಿ ಟೈಮರ್ ನಡುರಾತ್ರಿಗೆ ಓಡುತ್ತೆ. ಸರ್ವರ್ ಯುಟಿಸಿಯಲ್ಲಿದ್ದರೆ ಅದು ನಮಗೆ ಬೆಳಗಿನ 5:30. ಆ ಹೊತ್ತಿನ ಅಲರ್ಟ್‌ಗೆ ಕಾರಣ ಹುಡುಕುವಾಗ ನೆನಪಿರಲಿ.

ಎರಡನೇದು, ನೇಮ್‌ಐ ಮೈನಸ್ ಎಲ್, ಆಮೇಲೆ ಲಾಗ್ ಫೈಲಿನ ಪೂರ್ತಿ ದಾರಿ. ಸ್ಲ್ಯಾಶ್‌ನಿಂದ ಫೈಲ್‌ವರೆಗೆ ಒಂದೊಂದು ಮೆಟ್ಟಿಲಿನ ಒಡೆಯ ಯಾರು, ಹಕ್ಕು ಎಷ್ಟು ಅಂತ ಒಂದೇ ಪರದೆಯಲ್ಲಿ ಕಾಣುತ್ತೆ.

ಮೂರನೇದೇ ನಿಜವಾದ ನಿರ್ಧಾರ. ಈ ಡೈರೆಕ್ಟರಿ ಯಾರದ್ದು? ಎಂಜಿನ್‌ಎಕ್ಸ್ ತರಹ ರೂಟ್ ಆಗಿ ಶುರುವಾಗಿ ಲಾಗ್ ತೆರೆಯೋ ಸರ್ವಿಸ್ ಆದರೆ ಡೈರೆಕ್ಟರಿ ರೂಟ್‌ನದ್ದಾಗಲಿ, 755 ಸಾಕು, ಎಸ್‌ಯು ಬೇಡ. ಅಪ್ಲಿಕೇಶನ್ ತನ್ನದೇ ಯೂಸರ್ ಆಗಿ ಓಡಿ ತಾನೇ ಲಾಗ್ ಹುಟ್ಟಿಸೋದಾದರೆ, ಡೈರೆಕ್ಟರಿಯನ್ನು ಆ ಯೂಸರ್‌ಗೆ ಕೊಟ್ಟು, 750 ಮಾಡಿ, ಕಾನ್ಫಿಗ್‌ನಲ್ಲಿ ಎಸ್‌ಯು ಮುಂದೆ ಅದೇ ಯೂಸರ್, ಅದೇ ಗ್ರೂಪ್ ಬರೆಯಿರಿ. ಉಬುಂಟುವಿನಲ್ಲಿ ಸ್ಲ್ಯಾಶ್ ವಾರ್ ಸ್ಲ್ಯಾಶ್ ಲಾಗ್‌ಗೆ ಸಿಸ್‌ಲಾಗ್ ಗ್ರೂಪ್ ಬರೆಯಬಹುದು. ಹಾಗಾಗಿ ಅಲ್ಲಿ ಮುಖ್ಯ ಕಾನ್ಫಿಗ್‌ನಲ್ಲೇ ಎಸ್‌ಯು ಸಾಲು ಇಟ್ಟಿದ್ದಾರೆ. ಬೇರೆ ಡಿಸ್ಟ್ರೊದ ಕಾನ್ಫಿಗ್ ಅದರ ಮೇಲೆ ಕಾಪಿ ಮಾಡಿದ್ರೆ ಆ ಸಾಲು ಹೋಗಿ ಎರರ್ ಬರುತ್ತೆ.

ನಾಲ್ಕನೇದು, ಕ್ರಿಯೇಟ್ ಸಾಲು. ಎಸ್‌ಯುನಲ್ಲಿ ಒಬ್ಬ, ಕ್ರಿಯೇಟ್‌ನಲ್ಲಿ ಇನ್ನೊಬ್ಬ ಇದ್ದರೆ ಮತ್ತೆ ಎರರ್, ಯಾಕಂದ್ರೆ ಸಾಮಾನ್ಯ ಯೂಸರ್ ತನ್ನ ಫೈಲನ್ನು ಬೇರೆಯವರ ಹೆಸರಿಗೆ ಬರೆದುಕೊಡೋಕೆ ಆಗಲ್ಲ. ಹೆಸರು ಬದಲಾದ ಮೇಲೂ ಅಪ್ಲಿಕೇಶನ್ ಹಳೇ ಫೈಲಿಗೇ ಬರೀತಾ ಇರುತ್ತೆ. ಅದಕ್ಕೆ ಪೋಸ್ಟ್‌ರೊಟೇಟ್‌ನಲ್ಲಿ ಸಿಗ್ನಲ್ ಬೇಕು. ಸಿಗ್ನಲ್ ಗೋಜು ಬೇಡ ಅಂತ ಕಾಪಿಟ್ರಂಕೇಟ್ ಹಾಕೋರು ಬಹಳ ಜನ. ನಕಲು ಮಾಡಿ ಮೂಲವನ್ನು ಒರೆಸೋ ಆ ಸಂದಿಯಲ್ಲಿ ಬಂದ ಸಾಲುಗಳು ಕಳೆದುಹೋಗಬಹುದು. ಸಿಗ್ನಲ್ ಕೇಳದ ಪ್ರೋಗ್ರಾಮಿಗೆ ಮಾತ್ರ ಅದನ್ನು ಬಳಸಿ.

ಐದನೇದು, ಕಾನ್ಫಿಗ್ ಫೈಲಿನದೇ ಪರ್ಮಿಶನ್. ಅದು ರೂಟ್‌ನದ್ದಾಗಿ 644 ಇರಲಿ. ಗ್ರೂಪೋ ಉಳಿದವರೋ ಬರೆಯುವಂತಿದ್ದರೆ ಲಾಗ್‌ರೊಟೇಟ್ ಅದನ್ನು ಓದೋದೇ ಇಲ್ಲ. ರೆಡ್ ಹ್ಯಾಟ್ ಬಳಗದ ಮೆಷಿನ್ ಆಗಿದ್ದು, ಲಾಗ್ ಮಾಮೂಲಿ ಜಾಗ ಬಿಟ್ಟು ಬೇರೆಲ್ಲೋ ಇದ್ದರೆ, ಎಲ್ಲಾ ಸರಿ ಇದ್ದೂ ಎಸ್‌ಇಲಿನಕ್ಸ್ ತಡೆಯಬಹುದು. ಎಲ್‌ಎಸ್ ಮೈನಸ್ ದೊಡ್ಡ ಝಡ್ ಹಾಕಿ ಲೇಬಲ್ ನೋಡಿ. ಸೆಮ್ಯಾನೇಜ್‌ನಲ್ಲಿ ಲಾಗ್‌ನ ಲೇಬಲ್ ಕೊಟ್ಟು ರಿಸ್ಟೋರ್‌ಕಾನ್ ಓಡಿಸಿ. ಎಸ್‌ಇಲಿನಕ್ಸನ್ನೇ ಆರಿಸೋದು ಇನ್ನೊಂದು ತರಹದ 777.

ಕೊನೆಗೆ ಮೈನಸ್ ವಿ, ಮೈನಸ್ ಎಫ್ ಎರಡೂ ಹಾಕಿ ಒಮ್ಮೆ ನಿಜವಾಗಿ ಓಡಿಸಿ. ಒಮ್ಮೆ ಮಾತ್ರ! ಎಫ್ ಹಾಕಿದಷ್ಟು ಸಲ ಲಾಗ್ ತಿರುಗುತ್ತೆ, ತುದಿಯಲ್ಲಿರೋ ಹಳೇದು ಅಷ್ಟು ಸಲ ಉದುರಿಹೋಗುತ್ತೆ. 180 ದಿನ ಬೇಕಿದ್ದರೆ ದಿನಕ್ಕೊಮ್ಮೆ ತಿರುಗಿಸಿ 180 ಇಟ್ಕೊಳ್ಳಿ, ಇಲ್ಲಾ ಬೇರೆ ಸರ್ವರಿಗೆ ಕಳಿಸಿ. ನನ್ನ ಓಟು ಎರಡನೇದಕ್ಕೆ. ಬರೆಯೋ ಮೆಷಿನ್ನೇ ಕಾಯೋದೂ ಆದರೆ ಮತ್ತೆ ಹಳೇ ದಫ್ತರದ ಕಥೆಯೇ.

ಈ ವಾರ ನಿಮ್ಮ ಒಂದು ಸರ್ವರಿನಲ್ಲಿ ನೇಮ್‌ಐ ಓಡಿಸಿ ನೋಡಿ. ಎಲ್ಲಾದರೂ 777 ಕಂಡರೆ ತೆಗೆಯೋ ಮುಂಚೆ ಯಾಕೆ ಕೊಟ್ಟಿದ್ರು ಅಂತ ತಂಡದಲ್ಲಿ ಕೇಳಿ, ಆಮೇಲೆ ಟಿಕೆಟ್ ಬರೆದು ನಿಮ್ಮ ಹೆಸರಲ್ಲೇ ಸರಿ ಮಾಡಿ. ರಜೆಯಲ್ಲಿ ತಾರ್ನಾಕ ಕಡೆ ಹೋದವರು ಪತ್ರಾಗಾರವನ್ನೂ ಒಮ್ಮೆ ವಿಚಾರಿಸಿ ಬನ್ನಿ. ಮುಂದಿನ ಮಾತುಕತೆಯಲ್ಲಿ ಕ್ರಾನ್‌ನ ಕಥೆ ತಗೊಳ್ಳೋಣ.